ನೆಟ್ ಎಲ್ಲಿಗೆ ಬಂದು ನಿಂತಿದೆ?

ಲ್ಯಾಪ್‌ಟಾಪಿನ ತೆರೆಯ ಮೂಲೆಯಲ್ಲಿ ವೈಫೈ ಗೆರೆಗಳು ಪೂರ್ತಿ ತುಂಬಿವೆ, ಆದರೆ ಒಂದು ಪುಟವೂ ತೆರೆದುಕೊಳ್ಳುತ್ತಿಲ್ಲ. ಕೂಡಲೇ ರೂಟರ್ ಆಫ್ ಮಾಡಿ ಆನ್ ಮಾಡುವುದು, ಅದಕ್ಕೂ ಬಗ್ಗದಿದ್ದರೆ ವಿಂಡೋಸನ್ನೇ ಹೊಸದಾಗಿ ಹಾಕಿಸಲು ಅಂಗಡಿಗೆ ಒಯ್ಯುವುದು ನಮ್ಮಲ್ಲಿ ರೂಢಿ. ಆ ಗೆರೆಗಳಿಗೆ ಗೊತ್ತಿರುವುದು ಲ್ಯಾಪ್‌ಟಾಪಿಗೂ ರೂಟರಿಗೂ ನಡುವಿನ ಸಿಗ್ನಲ್ ಎಷ್ಟು ಗಟ್ಟಿಯಾಗಿದೆ ಎಂಬುದಷ್ಟೆ. ರೂಟರಿನ ಆಚೆ ಕೇಬಲ್ ಕಡಿದು ಬಿದ್ದಿದ್ದರೂ ಅವು ತುಂಬಿಯೇ ಕಾಣುತ್ತವೆ. ಆದ್ದರಿಂದ ಏನನ್ನೂ ಬದಲಿಸುವ ಮುನ್ನ ನೆಟ್ ಎಲ್ಲಿಯವರೆಗೆ ಬಂದು ನಿಂತಿದೆ ಎಂದು ಹುಡುಕಬೇಕು.

ಅದೇ ವೈಫೈಗೆ ಮೊಬೈಲನ್ನು ಸೇರಿಸಿ ನೋಡಿ. ಮೊಬೈಲ್ ಡೇಟಾ ಆಫ್ ಆಗಿರಲೇಬೇಕು, ಇಲ್ಲವಾದರೆ ಸಿಮ್‌ನ ನೆಟ್ ಬಂದು ದಾರಿ ತಪ್ಪಿಸುತ್ತದೆ. ಮೊಬೈಲಿನಲ್ಲೂ ಏನೂ ಬಾರದಿದ್ದರೆ ಲ್ಯಾಪ್‌ಟಾಪನ್ನು ಸುಮ್ಮನೆ ಬಿಡಿ. ಫೈಬರ್ ಪೆಟ್ಟಿಗೆಯ ಮೇಲೆ ಎಲ್‌ಒಎಸ್ ಎಂದು ಬರೆದಿರುವ ದೀಪ ಕೆಂಪಗಿದ್ದರೆ ಬೆಳಕಿನ ಸಿಗ್ನಲ್ಲೇ ಮನೆಗೆ ತಲುಪುತ್ತಿಲ್ಲ. ಸೇವೆ ಕೊಡುವವರಿಗೆ ತಿಳಿಸುವುದೊಂದೇ ದಾರಿ.

ಮೊಬೈಲಿನಲ್ಲಿ ನೆಟ್ ಬರುತ್ತಿದೆ, ಲ್ಯಾಪ್‌ಟಾಪಿನಲ್ಲಿ ಮಾತ್ರ ಇಲ್ಲ ಎಂದರೆ ಒಂದು ಲ್ಯಾನ್ ಕೇಬಲ್ ಹುಡುಕಿ ರೂಟರಿಗೆ ನೇರವಾಗಿ ಜೋಡಿಸಿ. ವೈಫೈ ಕಾಯಿಲೆ ಪತ್ತೆಗೆ ಇದಕ್ಕಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಕೇಬಲಿನಲ್ಲಿ ನೆಟ್ ಬಂದರೆ ತೊಂದರೆ ರೇಡಿಯೊ ಭಾಗದಲ್ಲಿದೆ. ಬಾರದಿದ್ದರೆ ಒಳಗಿನ ಸೆಟ್ಟಿಂಗ್ ನೋಡಬೇಕು. ಕೇಬಲನ್ನೂ ಕಣ್ಣುಮುಚ್ಚಿ ನಂಬಬಾರದು. ಅದರೊಳಗೆ 8 ತಂತಿಗಳು 4 ಜೋಡಿಯಾಗಿ ಹೆಣೆದುಕೊಂಡಿರುತ್ತವೆ. ಸೆಕೆಂಡಿಗೆ 100 ಮೆಗಾಬಿಟ್ ವೇಗಕ್ಕೆ 2 ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಹೀಗಾಗಿ ಒಂದು ತಂತಿ ತುಂಡಾದರೆ ನೆಟ್ ಪೂರ್ತಿ ಸಾಯದೆ ವೇಗ ಮಾತ್ರ 100ಕ್ಕೆ ಇಳಿದು ಕೂರುವುದುಂಟು. ಹಣ ಕೊಟ್ಟಷ್ಟು ವೇಗ ಬರುತ್ತಿಲ್ಲವೆಂದು ದೂರುವವರು ಮೊದಲು ಕೇಬಲ್ ಬದಲಿಸಿ ನೋಡಲಿ.

ಇನ್ನು ವಿಳಾಸ. ಇಡೀ ತಪಾಸಣೆಯಲ್ಲಿ ಹೆಚ್ಚು ಮಾತಾಡುವುದು ಇದೇ. ವಿಂಡೋಸಿನ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಎಂದು ಟೈಪ್ ಮಾಡಿದರೆ ಐಪಿವಿ4 ವಿಳಾಸ ಎಂಬ ಸಾಲು ಕಾಣುತ್ತದೆ. ಅದು 192.168 ಎಂದು ಶುರುವಾದರೆ ಸಾಮಾನ್ಯವಾಗಿ ರೂಟರೇ ಕೊಟ್ಟ ವಿಳಾಸ. 169.254 ಎಂದು ಶುರುವಾದರೆ ವಿಳಾಸ ಬೇಕೆಂದು ಲ್ಯಾಪ್‌ಟಾಪ್ ಕೂಗಿದೆ, ಯಾರೂ ಉತ್ತರಿಸಿಲ್ಲ, ಕೊನೆಗೆ ತಾನೇ ಒಂದನ್ನು ಇಟ್ಟುಕೊಂಡಿದೆ. ಅದರಿಂದ ಹೊರಗಿನ ಇಂಟರ್ನೆಟ್ ಸಿಗದು. ಆ ವೈಫೈಯನ್ನು 'ಫರ್ಗೆಟ್' ಮಾಡಿ ಮತ್ತೆ ಸೇರಿಕೊಳ್ಳಿ. ರೂಟರನ್ನು ಆಫ್ ಮಾಡಿ ಆನ್ ಮಾಡುವುದಕ್ಕೂ ಈಗ ಅರ್ಥವಿದೆ. ಆಫೀಸಿನ ಲ್ಯಾಪ್‌ಟಾಪುಗಳಲ್ಲಿ ಯಾರೋ ಕೈಯಾರೆ ಬರೆದಿಟ್ಟ ವಿಳಾಸ ಮನೆಯ ವೈಫೈಗೆ ಒಗ್ಗದಿರುವುದೂ ಉಂಟು. ಆಗ ಅದನ್ನು ತೆಗೆದು 'ಆಟೊಮ್ಯಾಟಿಕ್' ಮಾಡಬೇಕು.

ವಿಳಾಸ ಸರಿಯಿದ್ದರೆ ಪಿಂಗ್. ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ ನೆಟ್‌ವರ್ಕಿನ ತೊಂದರೆಯೊಂದನ್ನು ಹುಡುಕಲೆಂದೇ ಬರೆದ ಪುಟ್ಟ ಪ್ರೋಗ್ರಾಂ ಇದು. ಇಂದಿಗೂ ಅದೇ ಕೆಲಸಕ್ಕೆ ಒದಗುತ್ತಿದೆ ಎಂಬುದು ನನಗೆ ಬೆರಗು. ಮೊದಲು ರೂಟರಿನ ವಿಳಾಸಕ್ಕೆ, ಆಮೇಲೆ ಗೂಗಲಿನ 8.8.8.8ಕ್ಕೆ, ಕೊನೆಗೆ ಯಾವುದಾದರೂ ತಾಣದ ಹೆಸರಿಗೆ ಪಿಂಗ್ ಮಾಡಿ. ರೂಟರ್ ಉತ್ತರಿಸಿ 8.8.8.8 ಉತ್ತರಿಸದಿದ್ದರೆ ರೂಟರಿನಿಂದಾಚೆ ನೋಡಿ. ಅಂಕಿಗೆ ಉತ್ತರ ಬಂದು ಹೆಸರು ಮಾತ್ರ ಸಿಗದಿದ್ದರೆ ನೆಟ್ ಚೆನ್ನಾಗಿಯೇ ಇದೆ, ಹೆಸರನ್ನು ಅಂಕಿಯಾಗಿಸುವ ಡಿಎನ್‌ಎಸ್ ಕೈಕೊಟ್ಟಿದೆ. ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಜಾಗಕ್ಕೆ 8.8.8.8 ಅಥವಾ 1.1.1.1 ತುಂಬಿದರೆ ಎಷ್ಟೋ ಸಲ ಪುಟಗಳು ಆ ಕ್ಷಣವೇ ತೆರೆದುಕೊಳ್ಳುತ್ತವೆ. ಕೆಲವು ಆಫೀಸು, ಕಾಲೇಜುಗಳ ನೆಟ್‌ವರ್ಕ್ ಪಿಂಗನ್ನೇ ತಡೆದಿರುತ್ತದೆ. ಅಲ್ಲಿ ಈ ಪರೀಕ್ಷೆಯ ಮಾತು ನಂಬುವಂತಿಲ್ಲ.

ಕೇಬಲಿನಲ್ಲಿ ಸರಿಯಿದ್ದು ವೈಫೈಯಲ್ಲಿ ಮಾತ್ರ ಕಡಿದುಹೋಗುತ್ತಿದ್ದರೆ ಸುತ್ತಮುತ್ತ ನೋಡಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಈ ಮೂರೇ. ಅಪಾರ್ಟ್‌ಮೆಂಟಿನ ಹತ್ತಾರು ರೂಟರುಗಳು ಅವನ್ನೇ ಹಂಚಿಕೊಳ್ಳಬೇಕು. ಮೈಕ್ರೋವೇವ್ ಒಲೆ, ಬ್ಲೂಟೂತ್ ಕೂಡ ಅದೇ ತರಂಗಗಳಲ್ಲಿವೆ. ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಕೂಡ ಈ ತರಂಗಗಳಲ್ಲಿ ಗದ್ದಲ ಎಬ್ಬಿಸುತ್ತದೆ ಎಂದು ಇಂಟೆಲ್ 2012ರಲ್ಲೇ ತೋರಿಸಿತ್ತು. ಅದನ್ನು ಕಿತ್ತು ನೋಡಲು ಖರ್ಚೇನೂ ಇಲ್ಲ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಹೆಚ್ಚು, ಆದರೆ ದಪ್ಪ ಗೋಡೆ ದಾಟುವ ಶಕ್ತಿ ಕಡಿಮೆ. ಹಳೆಯ ಮಣ್ಣಿನ ಗೋಡೆಯ ಮನೆಗಳಲ್ಲಿ ಒಂದು ಕೋಣೆ ದಾಟುವಷ್ಟರಲ್ಲಿ ಸೊರಗುತ್ತದೆ.

ಲ್ಯಾಪ್‌ಟಾಪಿನ ತಾರೀಖು ತಪ್ಪಿದ್ದರೂ ಪುಟಗಳು ತೆರೆಯವು. ತಾಣದ ಭದ್ರತಾ ಪ್ರಮಾಣಪತ್ರದ ಅವಧಿಯನ್ನು ಬ್ರೌಸರ್ ಈ ಗಡಿಯಾರಕ್ಕೇ ಹೋಲಿಸಿ ನೋಡುತ್ತದೆ. ವಿಂಡೋಸಿನ 'ನೆಟ್‌ವರ್ಕ್ ರೀಸೆಟ್' ಕಟ್ಟಕಡೆಗಿರಲಿ. ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳು ಅದರಿಂದ ಅಳಿಸಿಹೋಗಬಹುದು, ಆಫೀಸಿನ ವಿಪಿಎನ್ ಮತ್ತೆ ಹಾಕಿಸಬೇಕಾಗಬಹುದು. ಒತ್ತುವ ಮುನ್ನ ಎರಡರ ವಿವರವನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ.