ನಿಮಗಿದು ಗೊತ್ತೇ? ವೈರಸ್ಸಿಗೂ ಕತ್ತರಿ, ತನಗೂ ಕತ್ತರಿ

ನಮ್ಮ ಜೀವಕೋಶಗಳಲ್ಲಿ ಆರ್‌ಎನ್‌ಎ ಕತ್ತರಿಸುವ ಕಿಣ್ವವೊಂದು ನಿದ್ದೆ ಹೊಡೆಯುತ್ತಿರುತ್ತದೆ. ಹೆಸರು ಆರ್‌ನೇಸ್ ಎಲ್. ಅದು ಎಚ್ಚರಗೊಳ್ಳಲು ಕಾರಣ ವೈರಸ್ಸೇ!

ಅನೇಕ ವೈರಸ್‌ಗಳು ತಮ್ಮ ನಕಲು ತೆಗೆಯುವಾಗ ಉದ್ದನೆಯ ಎರಡೆಳೆ ಆರ್‌ಎನ್‌ಎ ಹುಟ್ಟುತ್ತದೆ. ಆರೋಗ್ಯವಂತ ಕೋಶದಲ್ಲಿ ಇದು ಅಪರೂಪ. ಓಎಎಸ್ ಎಂಬ ಪ್ರೋಟೀನು ಅದನ್ನು ಹಿಡಿದ ಕೂಡಲೇ ಕೋಶದ ಇಂಧನವಾದ ಎಟಿಪಿಯಿಂದ 2-5ಎ ಎಂಬ ಪುಟ್ಟ ಅಣುವನ್ನು ಹೆಣೆಯುತ್ತದೆ. 2-5ಎ ತಾಗಿದ್ದೇ ತಡ, ಆರ್‌ನೇಸ್ ಎಲ್ ಜೋಡಿಯಾಗಿ ಕತ್ತರಿಸತೊಡಗುತ್ತದೆ. 2-5ಎ ಅಣುವಿನ ರಚನೆಯನ್ನು 1978ರಲ್ಲಿ ತಿಳಿಸಿದವರು ಲಂಡನ್ನಿನ ಮಿಲ್ ಹಿಲ್ ಸಂಸ್ಥೆಯ ಕೆರ್ ಮತ್ತು ಬ್ರೌನ್. 1957ರಲ್ಲಿ, ಓಎಎಸ್ ಹೆಚ್ಚಿಸುವಂತೆ ಕೋಶಗಳನ್ನು ಎಚ್ಚರಿಸುವ ಪ್ರೋಟೀನಾದ ಇಂಟರ್‌ಫೆರಾನ್ ಪತ್ತೆಯಾದದ್ದೂ ಅಲ್ಲೇ.

ಈ ಕತ್ತರಿಗೆ ನಮ್ಮದು, ಪರರದ್ದು ಎಂಬ ಭೇದವಿಲ್ಲ. ಒಂಟಿ ಎಳೆಯಲ್ಲಿ ಯು-ಯು ಅಥವಾ ಯು-ಎ ಅಕ್ಷರಜೋಡಿ ಕಂಡರೆ ಸಾಕು. ಸ್ವಂತ ರೈಬೋಸೋಮಿನ ಆರ್‌ಎನ್‌ಎಯೂ ತುಂಡು ತುಂಡು! ಕಡೆಗೆ ಕೋಶವೇ ಸಾಯಬಹುದು. ವೈರಸ್ ಹಬ್ಬದೆ ನೆರೆಯ ಕೋಶಗಳು ಉಳಿದಾವು. ನಿರ್ದಯ ಲೆಕ್ಕಾಚಾರವಾದರೂ ಒಪ್ಪಲೇಬೇಕು.

ಮಕ್ಕಳಿಗೆ ಭೇದಿ ತರುವ ರೋಟಾವೈರಸ್ ಕತ್ತರಿಯ ತಂಟೆಗೇ ಹೋಗುವುದಿಲ್ಲ, 2-5ಎಯನ್ನೇ ಮುರಿದುಹಾಕುತ್ತದೆ. ಮರ್ಸ್ ವೈರಸ್ಸಿನದೂ ಇದೇ ಚಾಲಾಕಿ. ಕೋವಿಡ್ ವೈರಸ್ಸಿಗೆ ಈ ವಿದ್ಯೆ ಗೊತ್ತಿಲ್ಲ.

ಕೆಲವರ ಓಎಎಸ್1 ಪ್ರೋಟೀನಿಗೆ ಜಿಡ್ಡಿನ ಬಾಲವೊಂದಿರುತ್ತದೆ. ಕೋವಿಡ್ ವೈರಸ್ ನಕಲು ತೆಗೆಯುವ ಪೊರೆಗಳಿಗೇ ಅದು ಅಂಟಿಕೊಂಡು ಕಾವಲು ಕೂರುತ್ತದೆ. ಇಂಥವರಿಗೆ ಕೋವಿಡ್ ಉಲ್ಬಣಿಸುವ ಅಪಾಯ ಕಡಿಮೆ. ಆಫ್ರಿಕಾದ ಹೊರಗಿನ ಅನೇಕರಿಗೆ ಬಾಲ ಕೊಡುವ ಈ ಜೀನ್ ರೂಪ ಬಂದದ್ದು ನಿಯಾಂಡರ್ತಾಲರಿಂದ! ಕೋವಿಡ್ ಬಗೆಯ ವೈರಸ್‌ಗಳ ತವರಾದ ಹಾರ್ಸ್‌ಶೂ ಬಾವಲಿಗಳು ಮಾತ್ರ ಆ ಬಾಲವನ್ನು ಎಂದೋ ಕಳೆದುಕೊಂಡಿವೆ.

ಇಂಟರ್‌ಫೆರಾನ್ ಇಲ್ಲದ ಗಿಡಗಳ ಗತಿ? ಅಲ್ಲಿ ಡೈಸರ್ ಎಂಬ ಕಿಣ್ವ ಎರಡೆಳೆ ಆರ್‌ಎನ್‌ಎಯನ್ನು 21ರಿಂದ 24 ಅಕ್ಷರಗಳ ಚೂರುಗಳಾಗಿ ಕೊಚ್ಚುತ್ತದೆ. ಆ ಚೂರುಗಳ ಗುರುತು ಹಿಡಿದೇ ಉಳಿದ ವೈರಸ್ ಆರ್‌ಎನ್‌ಎಯನ್ನು ಹುಡುಕಿ ಕತ್ತರಿಸಲಾಗುತ್ತದೆ. ನಮ್ಮ ರೈತರನ್ನೂ ಕಾಡುವ ಪಪ್ಪಾಯದ ಉಂಗುರ ಚುಕ್ಕೆ ರೋಗದಿಂದ ಹವಾಯಿಯ ತೋಟಗಳು ನೆಲಕಚ್ಚಿದಾಗ, 1998ರಲ್ಲಿ ಬಂದ ರೈನ್‌ಬೋ ತಳಿ ಅವನ್ನು ಉಳಿಸಿತು. ಅದರಲ್ಲಿ ಆ ರೋಗದ ವೈರಸ್ಸಿನದೇ ಒಂದು ಜೀನ್ ಸೇರಿಸಲಾಗಿತ್ತು. ಕಾದದ್ದು ಆ ಜೀನಿನ ಪ್ರೋಟೀನಲ್ಲ, ಗಿಡದ ಈ ಕತ್ತರಿಯೇ. ಆದರೆ ಬೇರೆ ದೇಶದ ಉಂಗುರ ಚುಕ್ಕೆ ವೈರಸ್ಸಿಗೆ ರೈನ್‌ಬೋ ಸೋಲುವುದೂ ಉಂಟು. ಕತ್ತರಿಸಬೇಕಾದರೆ ಅಕ್ಷರ ಹೊಂದಬೇಕಲ್ಲ!