ಕಪಿಲೆಯ ಬಿಳಿಮೀನು

ಮೈಸೂರಿನಿಂದ ಹೊರಟ ರೈಲು ಕಡಕೊಳದ ಸ್ಟೇಷನ್ನನ್ನು ದಾಟಿ ದಕ್ಷಿಣಾಭಿಮುಖವಾಗಿ ಸಾಗಿದರೆ ಅನತಿದೂರದಲ್ಲಿಯೇ ನಂಜನಗೂಡಿನ ಕಪಿಲಾ ನದಿಯು ಎದುರಾಗುತ್ತದೆ. ಶ್ರೀಕಂಠೇಶ್ವರನ ದರ್ಶನಕ್ಕೆ ಹೋಗುವ ಯಾತ್ರಿಕರೂ, ಕಡಕೊಳದ ಕಾರ್ಖಾನೆಗಳಿಗೆ ನಿತ್ಯವೂ ಹೋಗಿಬರುವ ಉದ್ಯೋಗಸ್ಥರೂ ಈ ನದಿಯನ್ನು ಸ್ನಾನಕ್ಕೂ ಬೇಸಾಯಕ್ಕೂ ಒದಗುವ ಪುಣ್ಯತೀರ್ಥವೆಂದು ಬಲ್ಲರು. ಕಬಿನಿಯೆಂದೂ ಹೆಸರುಳ್ಳ ಇದೇ ನದಿಯಲ್ಲಿ 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರ ಗಾಳಕ್ಕೆ 120 ಪೌಂಡು ತೂಕದ ಮಹಶೀರ್ ಮೀನೊಂದು ಸಿಕ್ಕಿತೆಂಬುದು ಎಷ್ಟು ಮಂದಿಗೆ ತಿಳಿದಿದೆಯೋ ನಾವು ಕಾಣೆವು. ಗಾಳದಿಂದ ಹಿಡಿದ ಮಹಶೀರ್‌ಗಳಲ್ಲಿ ಅದು ಬಹುಕಾಲ ಜಗತ್ತಿನ ದಾಖಲೆಯೆಂದು ಎಣಿಸಲ್ಪಟ್ಟಿತು. ನಮ್ಮ ಜನರು ಬಿಳಿಮೀನೆಂದು ಕರೆಯುವ ಆ ಜಾತಿಯು ಇಂದು ನಿರ್ವಂಶವಾಗುವ ಅಂಚಿನಲ್ಲಿದೆ.

ಗಾಳದ ವಿನೋದವು ಬಿಳಿಯರು ತಂದ ಹವ್ಯಾಸವೆಂದು ನಮ್ಮಲ್ಲಿ ಅನೇಕರು ಭಾವಿಸಿರುವರು. ಇದು ಸರಿಯಲ್ಲ. ಆಂಗ್ಲರು ಈ ವಿಷಯದಲ್ಲಿ ಪ್ರಮಾಣಗ್ರಂಥವೆಂದು ಕೊಂಡಾಡುವ ವಾಲ್ಟನ್ನನ ಪುಸ್ತಕವು 1653ರದು. ಅದಕ್ಕೆ ಐದು ಶತಮಾನಗಳ ಹಿಂದೆಯೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟು, ಮೀನುಗಳ ಜಾತಿಗಳನ್ನೂ ಅವುಗಳಿಗೆ ಒಡ್ಡತಕ್ಕ ಆಹಾರವನ್ನೂ ವಿವರಿಸಿದ್ದಾನೆ.

ಆಂಗ್ಲರಿಗೆ ಪ್ರಿಯವಾದದ್ದು ಅವರ ನಾಡಿನ ಟ್ರೌಟ್ ಮೀನು. ಗರಿ ಮತ್ತು ನೂಲಿನಿಂದ ನೊಣದಂತೆ ಕಟ್ಟಿದ ಗಾಳವನ್ನು ತಣ್ಣನೆಯ ಸರೋವರದ ಮೇಲೆ ಹಗುರವಾಗಿ ಬೀಸಿ, ಮೀನನ್ನು ಮೋಸಗೊಳಿಸುವುದು ಅವರ ಪರಮಾನಂದ. ಆ ಸುಖವನ್ನು ಇಲ್ಲಿಯೂ ಅನುಭವಿಸಬೇಕೆಂದು ಅವರು 19ನೆಯ ಶತಮಾನದ ಉತ್ತರಾರ್ಧದಲ್ಲಿ ನೀಲಗಿರಿಗೆ ಟ್ರೌಟ್ ತರಲು ಯತ್ನಿಸಿದರು. ಹಲವು ವೈಫಲ್ಯಗಳ ಅನಂತರ, 20ನೆಯ ಶತಮಾನದ ಮೊದಲ ದಶಕದಲ್ಲಿ ಉತ್ತರ ಅಮೆರಿಕ ಮೂಲದ ಒಂದು ಜಾತಿಯು ಅಲ್ಲಿ ನೆಲೆಸಿತು. ಹೀಗೆ ಅವರು ಸಮುದ್ರದಾಚೆಯ ಮೀನಿಗಾಗಿ ಶ್ರಮಪಡುತ್ತಿದ್ದಾಗ, ಬೆಟ್ಟದ ಕೆಳಗಿನ ನಮ್ಮ ಹೊಳೆಗಳಲ್ಲಿ ಅದಕ್ಕಿಂತ ಎಷ್ಟೋ ಪಾಲು ದೊಡ್ಡದಾದ, ಬಲಶಾಲಿಯಾದ ಮೀನು ಈಜಾಡುತ್ತಿತ್ತು. ಇದನ್ನು ಕಂಡುಕೊಂಡವರೂ ಅವರಲ್ಲಿ ಇಲ್ಲದಿರಲಿಲ್ಲ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಎಂಬವನು 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ, ಮಹಶೀರ್ ತನ್ನ ನಾಡಿನ ಸಾಲ್ಮನ್ನಿಗೆ ಸೋಲುವ ಮೀನಲ್ಲವೆಂದು ಸಾರಿದನು. ಕಾವೇರಿಯಲ್ಲಿ ಅದನ್ನು ಹಿಡಿಯಬಂದ ದೊರೆಗಳು ತಮ್ಮ ಗರಿಯ ನೊಣವನ್ನು ಬದಿಗಿಟ್ಟು, ಗಾಳಕ್ಕೆ ರಾಗಿಹಿಟ್ಟಿನ ಉಂಡೆಯನ್ನು ಕಟ್ಟಬೇಕಾಯಿತು!

ಬಿಳಿಯರು ಪರದೇಶದ ಮೀನಿಗೆ ಮರುಳಾದರೆಂದು ಇಂದು ನಾವು ನಗಬಹುದು. ಆದರೆ ಸ್ವರಾಜ್ಯ ಬಂದ ಮೇಲೆ ನಾವು ಮಾಡಿದ್ದೇನು? ಕಾವೇರಿಯಲ್ಲಿ ಮಹಶೀರ್ ಕ್ಷೀಣಿಸುತ್ತಿದೆಯೆಂದು ಚಿಂತಿಸಿ, 1970ರ ದಶಕದಿಂದೀಚೆಗೆ ಲೋನಾವಳದ ಮೊಟ್ಟೆಮನೆಯಲ್ಲಿ ಬೆಳೆಸಿದ ಮರಿಗಳನ್ನು ತರಿಸಿ ನಮ್ಮ ನೀರಿಗೆ ಬಿಟ್ಟೆವು. ಉದ್ದೇಶವೇನೋ ಒಳ್ಳೆಯದೇ. ಆದರೆ ಆ ಮರಿಗಳು ಕೃಷ್ಣಾ ನದಿಯ ಕಡೆಯ ನೀಲಿ ರೆಕ್ಕೆಯ ಜಾತಿ. ನಮ್ಮದು ಕಿತ್ತಳೆ ರೆಕ್ಕೆಯ, ಬೆನ್ನು ಡುಬ್ಬಿದ, ಕಾವೇರಿ ಮತ್ತು ಅದರ ಉಪನದಿಗಳಲ್ಲಲ್ಲದೆ ಬೇರೆಲ್ಲಿಯೂ ಇಲ್ಲದ ಜಾತಿ. ಎರಡನ್ನೂ ಒಂದೇ ಎಂದು ಬಗೆದದ್ದು ನಮ್ಮ ಅಜ್ಞಾನ. ನಮ್ಮ ಮೀನಿನ ಶಾಸ್ತ್ರೀಯ ನಾಮವು ನಿಶ್ಚಯವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಪರಮಾಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ನಾಮಕರಣವೂ ಮರಣಶಯ್ಯೆಯೂ ಒಟ್ಟಿಗೇ ಬಂದಂತಾಯಿತು.

ಈ ಸಂಗತಿಗೆ ಸಾಕ್ಷಿ ನುಡಿದವರು ಗಾಳದವರೇ. 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ವನ್ಯಜೀವಿ ಸಂಘವೂ, ಭೀಮೇಶ್ವರಿ, ಗಾಳಿಬೋರೆಗಳ ಶಿಬಿರಗಳೂ ಹಿಡಿದ ಮೀನನ್ನು ತೂಗಿ ಜೀವಂತವಾಗಿ ನೀರಿಗೆ ಬಿಡುವ ಪದ್ಧತಿಯನ್ನು ಬೆಳೆಸಿದವು. ಹಿಂದೆ ಕಳ್ಳಬೇಟೆಯಾಡುತ್ತಿದ್ದ ಕೆಲವರು ಅಲ್ಲಿ ಕಾವಲುಗಾರರಾದರು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ವಿದ್ವಾಂಸರು ಪರಿಶೀಲಿಸಲಾಗಿ, ನೀಲಿ ರೆಕ್ಕೆಯದು ಹೆಚ್ಚುತ್ತ, ನಮ್ಮ ಡುಬ್ಬದ ಮೀನು ಕುಸಿಯುತ್ತ ಬಂದದ್ದು ಸ್ಪಷ್ಟವಾಯಿತು. ಅನಂತರ ವನ್ಯಧಾಮದೊಳಗೆ ಗಾಳದ ಆಟವು ಕಾನೂನಿನ ಪ್ರಕಾರ ನಿಂತಿತು. ಕಾನೂನಿನ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಆಟದೊಡನೆ ಲೆಕ್ಕದ ಪುಸ್ತಕವೂ ಮುಚ್ಚಿತು. ಕಾವಲಿನ ಕಣ್ಣುಗಳೂ ಕಡಮೆಯಾದವು. ಗಾಳವಾದರೋ ಒಂದೊಂದು ಮೀನನ್ನು ಹಿಡಿಯುತ್ತಿತ್ತು. ಕಳ್ಳರ ಸಿಡಿಮದ್ದು ಮಡುವಿನಲ್ಲಿರುವುದೆಲ್ಲವನ್ನೂ ಕೊಲ್ಲುತ್ತದೆ.

ಇದರೊಡನೆ ಅಣೆಕಟ್ಟುಗಳನ್ನೂ ಎಣಿಸಬೇಕು. ಮೊಟ್ಟೆಯಿಡಲು ಪ್ರವಾಹಕ್ಕೆದುರಾಗಿ ಏರುವ ಮೀನಿಗೆ 1974ರಲ್ಲಿ ಪೂರ್ತಿಯಾದ ಕಬಿನಿ ಕಟ್ಟೆಯು ದಾಟಲಾಗದ ಗೋಡೆ. ಅನ್ನಕೊಡುವ ಕಟ್ಟೆಗಳನ್ನು ಒಡೆಯಬೇಕೆಂದು ನಾವು ಹೇಳುವುದಿಲ್ಲ. ಆದರೆ ಕಟ್ಟೆಯಿಂದ ಕಷ್ಟಕ್ಕೊಳಗಾದ ಮೀನಿಗೆ ನಮ್ಮ ಕೈಯಿಂದಲೇ ಎದುರಾಳಿಯನ್ನೂ ತಂದುಬಿಡುವುದು ಯಾವ ನ್ಯಾಯ?

ಮೀನನ್ನು ಕಾಯುವುದು ನಮ್ಮವರಿಗೆ ಹೊಸ ಧರ್ಮವಲ್ಲ. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೂ, ರಾಮನಾಥಪುರದಲ್ಲಿ ಕಾವೇರಿಯ ಮೀನುಗಳಿಗೂ ಭಕ್ತರು ಪುರಿ ಎರಚುವರೇ ಹೊರತು ಬಲೆ ಬೀಸುವುದಿಲ್ಲ. ಎರಡು ದೇವಸ್ಥಾನಗಳ ಮೆಟ್ಟಿಲ ಬಳಿ ಜನರ ನಂಬಿಕೆಯು ಸಾಧಿಸಿದ್ದನ್ನು ಇಡೀ ನದಿಗೆ ವಿಸ್ತರಿಸುವುದು ಸರಕಾರದ ಕರ್ತವ್ಯ.

ಆದುದರಿಂದ ಅಧಿಕಾರಿಗಳಲ್ಲಿ ನಮ್ಮ ನಿವೇದನೆಯಿಷ್ಟು. ಕಾವೇರಿ ಮತ್ತು ಅದರ ಉಪನದಿಗಳಿಗೆ ಬೇರೆ ನದಿಯ ಮಹಶೀರನ್ನು ಇನ್ನು ಬಿಡಕೂಡದು. ಅಲ್ಲಲ್ಲಿ ಉಳಿದಿರುವ ನಮ್ಮ ಜಾತಿಯ ಮೀನುಗಳಿಂದಲೇ ಸಂತಾನವನ್ನು ಬೆಳೆಸುವ ವಿದ್ಯೆಗೆ ಹಣ ಒದಗಿಸಬೇಕು. ನದಿತೀರದ ಬೆಸ್ತರನ್ನೂ ಹಿಂದಿನ ಕಾವಲುಗಾರರನ್ನೂ ಸಂಬಳ ಕೊಟ್ಟು ನಿಯಮಿಸಿ, ಸಿಡಿಮದ್ದನ್ನು ತಡೆಗಟ್ಟಿ, ಮೀನಿನ ಲೆಕ್ಕವನ್ನು ಮತ್ತೆ ಆರಂಭಿಸಬೇಕು. ಹಿತ್ತಲ ಗಿಡ ಮದ್ದಲ್ಲವೆಂಬುದು ನಮ್ಮಲ್ಲಿ ಹಳೆಯ ಗಾದೆ. ಅದನ್ನು ಕಾವೇರಿಯ ವಿಷಯದಲ್ಲಿಯೂ ನಿಜಮಾಡಿ ತೋರಿಸಿದ ಅಪಕೀರ್ತಿಯು ಸ್ವತಂತ್ರರಾದ ನಮಗೆ ಬರಬಾರದು.