ಬಿರುಕಿಗೊಂದು ಸೂರು

ಜಪಾನಿನ ಆವಾಜಿ ದ್ವೀಪದಲ್ಲಿ ನೆಲದ ಬಿರುಕೊಂದಕ್ಕೆ ಸೂರು ಕಟ್ಟಿ ಕಾಪಾಡಿಕೊಂಡಿದ್ದಾರೆ. 1995ರ ಜನವರಿ 17ರ ಬೆಳಗಿನ ಜಾವ ಕೋಬೆ ನಗರವನ್ನು ಕೆಡವಿದ ಭೂಕಂಪದಲ್ಲಿ ಇಲ್ಲಿನ ನೊಜಿಮಾ ಸ್ತರಭಂಗದ (ಬಂಡೆಪದರ ಮುರಿದು ಜರುಗುವ ಗೆರೆಯ) ಗುಂಟ ನೆಲ ಸುಮಾರು 10 ಕಿಲೋಮೀಟರ್ ಉದ್ದಕ್ಕೆ ಸೀಳಿತು. ಅದರ 140 ಮೀಟರ್ ಭಾಗವನ್ನು ಇದ್ದ ಹಾಗೇ ಒಳಗಿಟ್ಟುಕೊಂಡ ಮ್ಯೂಸಿಯಂ 1998ರಲ್ಲಿ ತೆರೆಯಿತು. ಚರಂಡಿ, ಬೇಲಿಗಿಡಗಳ ಸಾಲು, ರಸ್ತೆ ಎಲ್ಲವೂ ಬಿರುಕಿನ ಬಳಿ ತುಂಡಾಗಿ ಪಕ್ಕಕ್ಕೆ ಸರಿದಿವೆ. ನೆಲ ಎಷ್ಟು ಜರುಗಿತೆಂದು ಮಕ್ಕಳೂ ಕಣ್ಣಳತೆಯಲ್ಲೇ ಹೇಳಬಹುದು.

ಪಕ್ಕದಲ್ಲೊಂದು ಮನೆ. ಬಿರುಕು ಒತ್ತಿಕೊಂಡೇ ಹಾದುಹೋದರೂ ಗಟ್ಟಿಯಾಗಿ ಕಟ್ಟಿದ್ದರಿಂದ ಅದು ಬೀಳಲಿಲ್ಲ. ಆದರೆ ಕಂಪನ ನಿಂತ ಗಳಿಗೆಯ ಅಡುಗೆಮನೆಯನ್ನು ಅಲ್ಲಿ ಮರುಸೃಷ್ಟಿಸಿದ್ದಾರೆ: ನೆಲದ ತುಂಬ ಪಾತ್ರೆಪಡಗ, ಚೆಲ್ಲಾಪಿಲ್ಲಿ ಸಾಮಾನು. ಬೀರುವನ್ನು ಗೋಡೆಗೆ ಬಿಗಿಯಿರಿ ಎಂದು ಬೇರೆ ಫಲಕ ಬರೆಸಬೇಕಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅಲುಗಾಟದ ಅನುಭವ ಕೊಡುವ ಕೋಣೆ. ಕೋಬೆಯ ಕಂಪನವನ್ನೂ ಈಶಾನ್ಯ ಜಪಾನಿನ 2011ರ ತೊಹೊಕು ಕಂಪನವನ್ನೂ ಅಲ್ಲಿ ಹೋಲಿಸಿ ನೋಡಬಹುದು. ಜಪಾನಿನ ಲೆಕ್ಕದಲ್ಲಿ ಕೋಬೆಯದರ ಪ್ರಮಾಣ 7.3, ತೊಹೊಕುವಿನದು 9.0, ಶಕ್ತಿಯಲ್ಲಿ ಎರಡನೆಯದು ಸುಮಾರು 350 ಪಟ್ಟು ದೊಡ್ಡದು. ಆದರೂ ಮನೆ ಕುಸಿದು ಹೆಚ್ಚು ಜನ ಸತ್ತದ್ದು ಕೋಬೆಯಲ್ಲಿ. ತೊಹೊಕುವಿನಲ್ಲಿ ಸಾವಿರಾರು ಮಂದಿಯನ್ನು ಕೊಂದದ್ದು ಸುನಾಮಿ. ಅಲ್ಲಿ ಸೀಳು ಸಮುದ್ರದಾಳದಲ್ಲಿತ್ತು, ನೆಲ ನಿಮಿಷಗಟ್ಟಲೆ ನಡುಗಿತು. ಕೋಬೆಯಲ್ಲಿ ಜೋರು ಕುಲುಕಾಟ 20 ಸೆಕೆಂಡಿನೊಳಗೆ ಮುಗಿದರೂ ಸೀಳು ಊರಿನ ಬುಡದಲ್ಲೇ ಇತ್ತು. ಒಂದೆರಡು ಸೆಕೆಂಡಿಗೊಮ್ಮೆ ಅತ್ತಿತ್ತ ತಳ್ಳಿದ ಆ ಅಲೆಗಳನ್ನು, ಮಣ್ಣಿನ ಮೇಲೆ ಹೆಂಚು ಹೊದಿಸಿದ ಭಾರದ ಮಾಡಿನ ಹಳೆಯ ಮರದ ಮನೆಗಳು ತಾಳಲಿಲ್ಲ. ಒಂದು ಭೂಕಂಪಕ್ಕೆ ಪ್ರಮಾಣ ಒಂದೇ ಅಂಕಿ, ಅಲುಗಾಟ ಮಾತ್ರ ಊರಿಂದೂರಿಗೆ ಬೇರೆ. ಕುಳಿತ ಕುರ್ಚಿ ಅಲುಗಿದಾಗ ಇದು ತಲೆಗೆ ಹತ್ತುವಷ್ಟು ಬೇಗ ನಕ್ಷೆ ನೋಡಿದಾಗ ಹತ್ತುವುದಿಲ್ಲ. ಹಾಗಂತ ವಿವರಿಸುವವರೊಬ್ಬರು ಪಕ್ಕದಲ್ಲಿಲ್ಲದಿದ್ದರೆ ಇಂಥ ಕೋಣೆ ಬರೀ ಜಾತ್ರೆಯ ತೊಟ್ಟಿಲಾಗಿಬಿಡುತ್ತದೆ.

ಈ ಪಾಠ ನಮಗೂ ಬೇಕು. ನಮ್ಮ ಬೀದರ್, ಕಲಬುರಗಿಗಳನ್ನೂ ನಡುಗಿಸಿದ ಮಹಾರಾಷ್ಟ್ರದ 1993ರ ಕಿಲ್ಲಾರಿ ಭೂಕಂಪದ ಪ್ರಮಾಣ ಸುಮಾರು 6.2 ಅಷ್ಟೇ. ಮಲಗಿದ್ದವರ ಮೇಲೆ ಬಿದ್ದದ್ದು ದಪ್ಪ ಕಲ್ಲುಗೋಡೆ, ಮಣ್ಣಿನ ಮಾಳಿಗೆ. ಅಂಥದೊಂದು ಮಾಳಿಗೆ ಮನೆಯ ಮಾದರಿ, ಪಕ್ಕದಲ್ಲಿ ಗೋಡೆಗಳ ಸುತ್ತ ಕಾಂಕ್ರೀಟ್ ಪಟ್ಟಿ ಬಿಗಿದ ಇನ್ನೊಂದು: ಎರಡನ್ನೂ ಅಲುಗುವ ಮೇಜಿನ ಮೇಲಿಟ್ಟು, ಹಿಡಿಕೆಯನ್ನು ಮಕ್ಕಳ ಕೈಗೇ ಕೊಡಬೇಕು. ಕಲಬುರಗಿಯ ವಿಜ್ಞಾನ ಕೇಂದ್ರದಂಥ ಕಡೆ ಇದಕ್ಕೆ ಒಂದು ಮೂಲೆ ಸಾಕು.